ಪರಸಿ ಹಾಸಿದ ಅಂಗಳದಲ್ಲಿ ಕಪ್ಪೆಗೂ ಇರಲಿ ಜಾಗ

ಮೃಗಶಿರಾ ಮಳೆ ಮೊದಲ ಬಾರಿಗೆ ಜೋರಾಗಿ ಸುರಿದ ರಾತ್ರಿ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಹಾಗೂ ಚಿಂಚೋಳಿ ಸೀಮೆಯ ಬಯಲುಗಳಲ್ಲಿ ಕಪ್ಪೆಗಳ ಕೂಗು ಒಮ್ಮೆಲೇ ಏಳುತ್ತದೆ. ಹಿಂದಿನ ದಿನದವರೆಗೆ ಒಂದೂ ಕಾಣದ ಜೀವಿಗಳು ಎಲ್ಲಿಂದ ಬಂದವು? ಮಳೆಯೊಂದಿಗೆ ಆಕಾಶದಿಂದ ಉದುರಿದವು ಎನ್ನುವವರಿದ್ದಾರೆ. ವಾಸ್ತವವಾಗಿ ಅವು ಬಂದದ್ದು ನೆಲದೊಳಗಿನಿಂದ. ಉಷ್ಣಾಂಶ 40 ಡಿಗ್ರಿ ಮೀರುವ ಬೇಸಿಗೆಯನ್ನು ಅವು ಎರೆಮಣ್ಣಿನ ಬಿರುಕುಗಳಲ್ಲಿ, ಗಿಡದ ಬುಡದ ತಂಪಿನಲ್ಲಿ, ಕಲ್ಲಿನ ಅಡಿಯಲ್ಲಿ ಅಡಗಿ ಕಳೆದಿರುತ್ತವೆ. ಆದುದರಿಂದ ಕೈತೋಟದಲ್ಲಿ ಕಪ್ಪೆಗಳನ್ನು ಕಾಪಾಡಬಯಸುವವರು ಕೊಳ ತೋಡುವುದಕ್ಕೂ ಮುನ್ನ ಒಂದಿಷ್ಟು ನೆಲವನ್ನು ತೆರೆದಿಡಬೇಕು.

ಈ ಭಾಗದ ಪಟ್ಟಣಗಳಲ್ಲಿ ಅದೇ ಕಷ್ಟದ ಮಾತು. ಭೀಮಾ ಕೊಳ್ಳದ ಸುಣ್ಣಕಲ್ಲು ಇಲ್ಲಿ ಪದರಪದರವಾಗಿ ಏಳುತ್ತದೆ. ಶಹಾಬಾದ್ ಕಲ್ಲು ಎಂದು ದೇಶಾದ್ಯಂತ ಹೆಸರಾದ ಪರಸಿ ಇದೇ. ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳಿಗೂ ಈ ಸುಣ್ಣಕಲ್ಲೇ ಆಧಾರ. ಕಲ್ಲೂ ಸಿಮೆಂಟೂ ಕೈಗೆಟುಕುವ ಊರಿನಲ್ಲಿ ಅಂಗಳವನ್ನು ಗೋಡೆಯಿಂದ ಗೋಡೆಗೆ ಮುಚ್ಚಿಬಿಡುವುದು ಸಹಜ. ಧೂಳು, ಕೆಸರು, ಚೇಳಿನ ಭಯ ಎಲ್ಲವೂ ನಿಜವೇ. ಪರಸಿಯನ್ನೆಲ್ಲ ಕಿತ್ತೆಸೆಯಬೇಕೆಂದೇನಿಲ್ಲ. ಕಂಪೌಂಡಿನ ಉದ್ದಕ್ಕೂ ಎರಡು ಅಡಿ ಅಗಲದ ಮಣ್ಣಿನ ಪಟ್ಟಿಯನ್ನು ಬಿಟ್ಟು, ಉದುರಿದ ಎಲೆಗಳನ್ನು ಅಲ್ಲಿಯೇ ಕೊಳೆಯಲು ಬಿಟ್ಟರೆ ಸಾಕು. ಗೋಡೆಯ ಬುಡದಲ್ಲಿ ಅಂಗೈಯಗಲದ ಒಂದೆರಡು ಕಿಂಡಿಗಳಿದ್ದರೆ ಕಪ್ಪೆಗಳಿಗೆ ಹೋಗಿಬರಲು ದಾರಿಯಾಗುತ್ತದೆ.

ಅಂಗಳಕ್ಕೆ ಬರುವ ಅತಿಥಿಗಳಲ್ಲಿ ಎಲ್ಲರಿಗೂ ಪರಿಚಿತವಾದದ್ದು ಗಂಟುಗಂಟು ಚರ್ಮದ ನೆಲಗಪ್ಪೆ. ಸಂಜೆ ದೀಪದ ಕೆಳಗೆ ಕುಳಿತು ಹುಳು ಹಿಡಿಯುವುದು ಇದೇ. ಇದನ್ನು ಮುಟ್ಟಿದರೆ ನರಹುಲಿ ಏಳುತ್ತದೆ ಎಂಬುದು ಸುಳ್ಳು. ಆದರೆ ಕಣ್ಣಿನ ಹಿಂದಿನ ಗ್ರಂಥಿಗಳಲ್ಲಿ ವಿಷವಿರುವುದು ಸತ್ಯ. ಕಚ್ಚಿದ ನಾಯಿ ಜೊಲ್ಲು ಸುರಿಸುತ್ತದೆ, ಮುಟ್ಟಿದವರು ಕೈ ತೊಳೆದುಕೊಳ್ಳಬೇಕು. ಬಿಲ ತೋಡುವ ದುಂಡು ಕಪ್ಪೆಗಳು ಹಿಂಗಾಲಿನ ಗಡುಸಾದ ಉಬ್ಬಿನಿಂದ ಮಣ್ಣನ್ನು ಬಗೆಯುತ್ತ ಹಿಮ್ಮುಖವಾಗಿ ನೆಲಕ್ಕಿಳಿಯುತ್ತವೆ. ಮೊದಲ ಮಳೆಗೆ ಗಂಡು ಗೂಳಿಕಪ್ಪೆ ನಿಂಬೆಹಳದಿ ಬಣ್ಣಕ್ಕೆ ತಿರುಗಿ, ಗಂಟಲಿನ ನೀಲಿ ಚೀಲಗಳನ್ನು ಉಬ್ಬಿಸಿ ಕೂಗುವ ದೃಶ್ಯವನ್ನು ಒಮ್ಮೆ ಕಂಡವರು ಮರೆಯಲಾರರು. ಬಚ್ಚಲುಮನೆಯ ಗೋಡೆಗೆ ಅಂಟಿಕೊಳ್ಳುವ ಕಂದು ಬಣ್ಣದ ಮರಗಪ್ಪೆಗೆ ಇಂಗ್ಲಿಷ್‌ನಲ್ಲಿ ‘ಚುನಾಮ್ ಫ್ರಾಗ್’ ಎಂಬ ಹೆಸರೂ ಉಂಟು. ಚುನಾಮ್ ಎಂದರೆ ಸುಣ್ಣ. ಸುಣ್ಣದ ಸೀಮೆಗೆ ಒಪ್ಪುವ ಹೆಸರೇ ಸರಿ! ಇದು ನೀರಿನ ಮೇಲ್ಭಾಗದ ಗೋಡೆಗೋ ಕೊಂಬೆಗೋ ನೊರೆಯ ಗೂಡು ಕಟ್ಟಿ ಅದರೊಳಗೆ ಮೊಟ್ಟೆಯಿಡುತ್ತದೆ. ಸೋಪಿನ ನೊರೆಯೆಂದು ಭಾವಿಸಿ ಅದನ್ನು ಕೆರೆದು ತೆಗೆಯುವವರೇ ಹೆಚ್ಚು.

ನೀರಿನ ವ್ಯವಸ್ಥೆ ದುಬಾರಿಯದಲ್ಲ. ನೆರಳಿರುವ ಕಡೆ ಮೂರಡಿ ಉದ್ದ, ಎರಡಡಿ ಅಗಲ, ಒಂದಡಿಗಿಂತ ಕಡಿಮೆ ಆಳದ ಗುಂಡಿ ತೋಡಿ ಹಳೆಯ ತಾಡಪಾಲು ಹಾಸಬಹುದು. ಒಂದು ಬದಿ ಇಳಿಜಾರಾಗಿರಲೇಬೇಕು. ನೇರ ಗೋಡೆಯ ತೊಟ್ಟಿಯಲ್ಲಿ ಬಿದ್ದ ಕಪ್ಪೆ ಹತ್ತಲಾಗದೆ ಸಾಯುತ್ತದೆ. ತೆರೆದ ಸಂಪ್‌ಗಳಿಗೂ ಇದೇ ಮಾತು ಅನ್ವಯ. ಛಾವಣಿಯಿಂದ ಇಳಿದ ಮಳೆನೀರು ಉತ್ತಮ. ಕ್ಲೋರಿನ್ ಬೆರೆತ ನಳದ ನೀರಾದರೆ ಒಂದು ದಿನ ತೆರೆದಿಟ್ಟು ಸುರಿಯಬೇಕು.

ಸಿಮೆಂಟ್ ತೊಟ್ಟಿ ಕಟ್ಟಿಸುವವರು ವಿಶೇಷ ಎಚ್ಚರ ವಹಿಸಬೇಕು. ಹೊಸ ಸಿಮೆಂಟಿನಿಂದಲೂ ಬಳಿದ ಸುಣ್ಣದಿಂದಲೂ ಕ್ಷಾರ ನೀರಿಗಿಳಿಯುತ್ತದೆ. ಚರ್ಮದ ಮೂಲಕವೇ ನೀರು ಹೀರಿ ಉಸಿರಾಡುವ ಕಪ್ಪೆಗೂ ಗೊದಮೊಟ್ಟೆಗೂ ಅದು ಮಾರಕ. ಕೆಲವು ವಾರಗಳ ಕಾಲ ನೀರು ತುಂಬಿ, ಚೆಲ್ಲಿ, ಮತ್ತೆ ತುಂಬಿದ ಬಳಿಕವೇ ತೊಟ್ಟಿ ಬಳಕೆಗೆ ಯೋಗ್ಯ.

ನಿಂತ ನೀರೆಂದರೆ ಡೆಂಗಿ ನೆನಪಾಗುವುದು ಸಕಾರಣ. ಕಪ್ಪೆಯಿದ್ದ ಮನೆಗೆ ಡೆಂಗಿ ಸುಳಿಯದು ಎಂಬ ಮಾತು ಅತಿಶಯೋಕ್ತಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಹಗಲಿನಲ್ಲಿ ಕಚ್ಚುತ್ತದೆ, ಕಪ್ಪೆ ಬೇಟೆಯಾಡುವುದು ರಾತ್ರಿ. ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಏಳರಿಂದ ಹತ್ತು ದಿನ ಸಾಕು. ಗೊದಮೊಟ್ಟೆ ಕಪ್ಪೆಯಾಗಲು ಹಲವು ವಾರಗಳೇ ಬೇಕು. ಆದ್ದರಿಂದ ವಾರಕ್ಕೊಮ್ಮೆ ನೀರು ಚೆಲ್ಲುವ ನಿಯಮ ಗುಂಡಿಗೆ ಹೊಂದದು. ಅದರ ಬದಲು ಮೂರು ದಿನಕ್ಕೊಮ್ಮೆ ಚಹಾ ಸೋಸುವ ಜಾಲರಿಯಿಂದ, ಮೇಲ್ಮೈಯಲ್ಲಿ ತಲೆಕೆಳಗಾಗಿ ತೂಗುವ ಸೊಳ್ಳೆಮರಿಗಳನ್ನು ತೆಗೆದುಹಾಕಬೇಕು. ಡ್ರಮ್ಮು, ಕೂಲರ್, ಹಳೆಯ ಟೈರುಗಳ ವಿಷಯದಲ್ಲಿ ಯಾವ ರಿಯಾಯಿತಿಯೂ ಸಲ್ಲದು. ಸೊಳ್ಳೆ ನಿಯಂತ್ರಣಕ್ಕೆಂದು ಗಪ್ಪಿ ಅಥವಾ ಗಂಬೂಸಿಯಾ ಮೀನು ಬಿಟ್ಟರೆ ಕಪ್ಪೆಯ ಮೊಟ್ಟೆ, ಮರಿಗಳೂ ಅವುಗಳ ಹೊಟ್ಟೆ ಸೇರುತ್ತವೆ. ನಿಗಾ ಇಡಲು ಸಮಯವಿಲ್ಲದವರು ಗುಂಡಿಯನ್ನು ತೋಡದಿರುವುದೇ ಲೇಸು. ಮಣ್ಣಿನ ಪಟ್ಟಿಯೊಂದೇ ಸಾಕಷ್ಟು ಉಪಕಾರ ಮಾಡುತ್ತದೆ. ಚಳಿಗಾಲ ಕಳೆದು ಗುಂಡಿ ಬತ್ತಿದರೆ ಬತ್ತಲಿ.

ತೊಗರಿ ಹೊಲಕ್ಕೆ ತಂದು ಉಳಿದ ಕೀಟನಾಶಕವನ್ನು ಮನೆಯ ಗುಲಾಬಿಗೆ ಸಿಂಪಡಿಸುವ ರೂಢಿ ಕಪ್ಪೆಗಳಿಗೆ ಎರವಾಗಬಲ್ಲದು. ಅನ್ನ, ರೊಟ್ಟಿಯ ಚೂರು ಹಾಕುವುದು ವ್ಯರ್ಥ: ಚಲಿಸುವ ಹುಳುವನ್ನಷ್ಟೇ ಅವು ಹಿಡಿಯುತ್ತವೆ.

ಕಪ್ಪೆ ಬಂದರೆ ಹಾವು ಬರುತ್ತದೆಂಬ ಆತಂಕ ಪೂರ್ತಿ ಸುಳ್ಳಲ್ಲ. ಕೇರೆ, ನೀರುಹಾವು, ನಾಗರಹಾವುಗಳು ಕಪ್ಪೆ ತಿನ್ನುತ್ತವೆ. ಆದರೆ ನಾಗರವನ್ನು ಮನೆಯತ್ತ ಸೆಳೆಯುವುದರಲ್ಲಿ ಇಲಿಯ ಪಾಲು ದೊಡ್ಡದು. ಪರಸಿ ತುಂಡುಗಳ ರಾಶಿಯನ್ನು ಬಾಗಿಲಿನಿಂದ ದೂರ, ಕಂಪೌಂಡಿನ ಮೂಲೆಯಲ್ಲಿಟ್ಟು, ಬರಿಗೈಯಿಂದ ಎತ್ತದಿದ್ದರೆ ಕಪ್ಪೆಗೂ ಆಸರೆ, ಮನೆಯವರಿಗೂ ಕ್ಷೇಮ.

ಕಪ್ಪೆಗಳನ್ನು ಹಿಡಿದು ತಂದು ಬಿಡುವ ಉತ್ಸಾಹ ಬೇಡ. ಜಾಗ ಸರಿಯಿದ್ದರೆ ಅವೇ ಬರುತ್ತವೆ. ಬೇರೆಡೆಯಿಂದ ತಂದವುಗಳೊಂದಿಗೆ ಚರ್ಮದ ಶಿಲೀಂಧ್ರ ರೋಗವೂ ಬರಬಹುದು. 2011ರಲ್ಲಿ ಘೋಷಣೆಯಾದ ಚಿಂಚೋಳಿ ವನ್ಯಜೀವಿಧಾಮದಿಂದ ಯಾವ ಪ್ರಾಣಿಯನ್ನು ಒಯ್ದರೂ ಅಪರಾಧ. ಕಪ್ಪೆಕಾಲುಗಳ ರಫ್ತನ್ನು ಭಾರತ 1987ರಲ್ಲೇ ನಿಷೇಧಿಸಿತು. 2023ರಲ್ಲಿ ಪ್ರಕಟವಾದ ಜಾಗತಿಕ ಸಮೀಕ್ಷೆಯ ಪ್ರಕಾರ ಉಭಯವಾಸಿಗಳಲ್ಲಿ ಶೇಕಡ 41ರಷ್ಟು ಪ್ರಭೇದಗಳು ಅಳಿವಿನ ಭೀತಿಯಲ್ಲಿವೆ. ಮೇಲೆ ಹೇಳಿದ ನೆಲಗಪ್ಪೆ, ಗೂಳಿಕಪ್ಪೆ, ಮರಗಪ್ಪೆಗಳು ಆ ಪಟ್ಟಿಯಲ್ಲಿಲ್ಲ. ಆದರೂ ಅಂಗಳವೆಲ್ಲ ಕಲ್ಲಾದ ಬಡಾವಣೆಯಲ್ಲಿ ಸಾಮಾನ್ಯ ಕಪ್ಪೆಯೂ ಉಳಿಯದು.

ಬೇಸಿಗೆಯಲ್ಲಿ ಗಿಡದ ಪಾತಿ ಅಗೆಯುವಾಗ ಮಣ್ಣಿನೊಳಗೆ ಅಲುಗಾಡದ ಕಪ್ಪೆ ಸಿಕ್ಕರೆ ಸತ್ತಿದೆಯೆಂದು ಎಸೆಯಬಾರದು. ಒದ್ದೆ ಕೈಯಿಂದ ಎತ್ತಿ, ನೆರಳಿನ ತೇವ ಮಣ್ಣಿನಲ್ಲಿಟ್ಟು, ಮೇಲೆ ಸಡಿಲವಾಗಿ ಮಣ್ಣು ಮುಚ್ಚಬೇಕು. ಮುಂದಿನ ಮೃಗಶಿರಾ ಮಳೆಗೆ ಅದು ತಾನಾಗಿಯೇ ಮೇಲೆ ಬರುತ್ತದೆ.