ಒಂದೇ ಹೂವಿನ ಅಲಂಕಾರ

ಬುದ್ಧಪ್ರತಿಮೆಗೆ ಹೂವನ್ನರ್ಪಿಸುವ ಪದ್ಧತಿಯು ಭರತಖಂಡದಲ್ಲಿ ಹುಟ್ಟಿ, ಚೀನಾ ಕೊರಿಯಗಳ ಮಾರ್ಗವಾಗಿ ಜಪಾನನ್ನು ಸೇರಿ, ಅಲ್ಲಿ ಒಂದು ಕಲೆಯಾಗಿ ಬೆಳೆಯಿತು. 1462ರಲ್ಲಿ ಕ್ಯೋಟೋ ನಗರದ ಇಕೆನೊಬೊ ಸೆಂಕೆಯೆಂಬ ಅರ್ಚಕನು ಚಿನ್ನದ ಪಾತ್ರೆಯಲ್ಲಿ ಹತ್ತಾರು ಹೂಗೊಂಬೆಗಳನ್ನು ಜೋಡಿಸಲು, ರಸಿಕರು ಪೈಪೋಟಿಯಿಂದ ನೋಡಬಂದರೆಂದು ಅಂದಿನ ಭಿಕ್ಷುವೊಬ್ಬನ ದಿನಚರಿಯಿಂದ ತಿಳಿದುಬರುವುದು.

ಮುಂದಿನ ಶತಮಾನದಲ್ಲಿ ಚಹಾಗೋಷ್ಠಿಯ ಆಚಾರ್ಯನಾದ ಸೆನ್ ನೊ ರಿಕ್ಯೂ (1522–1591) ಈ ವೈಭವವನ್ನು ತೊರೆದನು. ಹೂವು ಬಯಲಿನಲ್ಲಿರುವಂತೆಯೇ ಮನೆಯಲ್ಲಿಯೂ ಇರಬೇಕೆಂಬುದು ಅವನದೆಂದು ಪ್ರಸಿದ್ಧವಾದ ಉಪದೇಶ. ಆಯಾ ಋತುವಿನ ಒಂದೆರಡು ಹೂಗಳು, ನೀರು ತುಂಬಿದ ಒಂದು ಸಾಮಾನ್ಯ ಪಾತ್ರೆ, ಇಷ್ಟೇ ಸಾಮಗ್ರಿ. 1590ರಲ್ಲಿ ಒದವಾರಾ ಮುತ್ತಿಗೆಗಾಗಿ ಪ್ರಭು ಹಿದೆಯೊಶಿಯ ಸಂಗಡ ಹೋಗಿದ್ದಾಗ ಅವನು ಬಿದಿರನ್ನೇ ಕಡಿದು ಹೂದಾನಿಯನ್ನು ಮಾಡಿದನು. ಬಿರುಕುಬಿಟ್ಟ ಆ ಬಿದಿರು ಇಂದಿಗೂ ಟೋಕಿಯೋದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಸುರಕ್ಷಿತವಾಗಿದೆ.

ಹಿದೆಯೊಶಿಯಾದರೋ ಚಿನ್ನದ ತಗಡು ಹೊದಿಸಿದ ಚಹಾಮಂದಿರವನ್ನು ಕಟ್ಟಿಸಿದವನು. ರಿಕ್ಯೂವಿನ ತೋಟದಲ್ಲಿ ಅಪೂರ್ವವಾದ ಬೆಳಗಿನ ಬಳ್ಳಿಹೂಗಳು ಅರಳಿವೆಯೆಂದು ಕೇಳಿ ಅವನು ನೋಡಬಂದನಂತೆ. ತೋಟದಲ್ಲಿ ಒಂದು ಹೂವೂ ಉಳಿದಿರಲಿಲ್ಲ, ಎಲ್ಲವನ್ನೂ ಕೊಯ್ದುಹಾಕಿತ್ತು. ಕುಪಿತನಾಗಿ ಒಳಹೊಕ್ಕವನಿಗೆ ಮಬ್ಬುಗತ್ತಲೆಯ ಗೂಡಿನಲ್ಲಿ ಒಂದೇ ಒಂದು ಹೂವು ಕಂಡಿತೆಂದು ಐತಿಹ್ಯ.

1591ರಲ್ಲಿ ಅದೇ ಪ್ರಭುವು ರಿಕ್ಯೂವಿಗೆ ಆತ್ಮಹತ್ಯೆಯ ಆಜ್ಞೆಯನ್ನಿತ್ತನು. ಕಾರಣವೇನೆಂಬುದರಲ್ಲಿ ಚರಿತ್ರಕಾರರು ಏಕಾಭಿಪ್ರಾಯರಲ್ಲ. ಗುರುವು ಎಪ್ಪತ್ತರ ಅಂಚಿನಲ್ಲಿ ಪ್ರಾಣವನ್ನೊಪ್ಪಿಸಿದನು. ಅವನ ಪದ್ಧತಿಯು ಮಾತ್ರ ಅಳಿಯಲಿಲ್ಲ. ಇಂದಿಗೂ ಆ ನಾಡಿನ ಚಹಾಗೋಷ್ಠಿಗಳಲ್ಲಿ ಅತಿಥಿಯನ್ನು ಎದುರುಗೊಳ್ಳುವುದು ಹೂವಿನ ರಾಶಿಯಲ್ಲ, ಅಂದು ಬೆಳಗ್ಗೆ ಕೊಯ್ದ ಒಂದೆರಡು ಹೂವು.