ಬಾವಿ ತೋಡಿದವರು, ಮಾವು ನೆಟ್ಟವರು
ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾ ನದಿಯ ಉತ್ತರ ದಂಡೆಯ ಮ್ಯಾಂಡಿಂಕಾ ಜನರ ಊರುಗಳಲ್ಲಿ ಬೇಸಾಯಕ್ಕೆ ಹಿಂದಿನಿಂದಲೂ ಎರಡು ಪಾಲು. ದಿಬ್ಬದ ಮೇಲೆ ಗಂಡಸರ ಕಡಲೆಕಾಯಿ, ತಗ್ಗಿನ ಜೌಗಿನಲ್ಲಿ ಹೆಂಗಸರ ಭತ್ತ. 1830ರ ದಶಕದಲ್ಲಿ ಕಡಲೆಕಾಯಿ ಯುರೋಪಿಗೆ ಹಡಗು ಹತ್ತತೊಡಗಿದ ಮೇಲೆ ರೊಕ್ಕ ದಿಬ್ಬದ ಕಡೆಗೇ ಹರಿಯಿತು.

ಜೌಗಿನ ಬೇಸಾಯ ಸಣ್ಣ ವಿದ್ಯೆಯಲ್ಲ. ಎಲ್ಲಿ ಎಷ್ಟು ದಿನ ನೀರು ನಿಲ್ಲುತ್ತದೆ, ನದಿಯ ಉಪ್ಪು ಎಲ್ಲಿಯವರೆಗೆ ಏರುತ್ತದೆ, ಯಾವ ಮಣ್ಣಿಗೆ ಯಾವ ತಳಿ ಒಗ್ಗುತ್ತದೆ ಎಂಬುದನ್ನು ತಾಯಂದಿರು ಗದ್ದೆಯಲ್ಲೇ ಹೆಣ್ಣುಮಕ್ಕಳಿಗೆ ಕಲಿಸಿದರು. ಮಳೆಗಾಲದಲ್ಲಿ ಮನೆಯ ಸಾರಿಗೆಂದು ಬೆಂಡೆ, ಪುಂಡಿಸೊಪ್ಪು, ಕಹಿಬದನೆಯನ್ನೂ ಅವರೇ ಬೆಳೆಯುತ್ತಿದ್ದರು.

1960ರ ದಶಕದ ಕೊನೆಯಿಂದ ಮಳೆ ಕೈಕೊಟ್ಟಿತು. ಭತ್ತ ಒಣಗಿತು, ಕಡಲೆಕಾಯಿಯ ಆದಾಯವೂ ಕುಸಿಯಿತು. ಆಗ ಉತ್ತರ ದಂಡೆಯ ಕೆರೆವಾನ್ ಊರಿನ ಸುತ್ತಲಿನ ಹೆಂಗಸರು ತಗ್ಗಿನಲ್ಲಿ, ನೀರು ಮೇಲೇ ಸಿಗುವ ಜಾಗ ನೋಡಿ, ಬಾವಿ ತೋಡಿದರು. ಬೇಸಿಗೆಯಲ್ಲಿ ಈರುಳ್ಳಿ, ಟೊಮೆಟೊ, ಎಲೆಕೋಸು ಹಾಕಿ, ಬೆಳಗ್ಗೆ ಸಂಜೆ ಬಕೆಟ್ಟಿನಲ್ಲಿ ನೀರು ಸೇದಿ ಹೊಯ್ದರು. ಮನೆಯ ಸಾರಿಗಿದ್ದ ಕಸುಬು ‘ಲುಮೊ’ ಎಂಬ ವಾರದ ಸಂತೆಗೆ ಬಂತು. 1975ರ ಅಂತರರಾಷ್ಟ್ರೀಯ ಮಹಿಳಾ ವರ್ಷದ ನಂತರ ಬೇಲಿಗೆ, ಬಾವಿಗೆ ಹೊರದೇಶಗಳ ನೆರವೂ ಸಿಕ್ಕಿತು.

ಹೆಂಡತಿಯ ಗಳಿಕೆಯಲ್ಲಿ ಮನೆ ನಡೆಯತೊಡಗಿದಾಗ, ತೋಟವೇ ಅವಳ ಎರಡನೇ ಗಂಡ ಎಂದು ಗಂಡಸರು ಆಡಿಕೊಂಡರು. ಆ ವರ್ಷಗಳನ್ನು ಹತ್ತಿರದಿಂದ ಕಂಡ ಭೂಗೋಳ ವಿದ್ವಾಂಸ ರಿಚರ್ಡ್ ಶ್ರೋಡರ್ ಈ ಮಾತನ್ನು ದಾಖಲಿಸಿದ್ದಾರೆ.

ಆದರೆ ನೆಲ ಹೆಂಗಸರದಲ್ಲ. ಅಲ್ಲಿನ ರೂಢಿಯಲ್ಲಿ ಮರ ನೆಟ್ಟವನದೇ ಮರ. ಮರ ನಿಂತಷ್ಟು ಕಾಲ ನೆಲದ ಮೇಲೆ ಅವನ ಹಿಡಿತ. ಹೆಂಗಸರಿಗಿದ್ದದ್ದು ತರಕಾರಿ ಬೆಳೆದುಕೊಳ್ಳುವ ಅನುಮತಿಯಷ್ಟೆ. 1980ರ ದಶಕದಲ್ಲಿ ನೆಲದೊಡೆಯರು ಮಡಿಗಳ ನಡುವೆ ಮಾವಿನ ಸಸಿ ನೆಟ್ಟರು. ಹಸಿರು ಬೆಳೆಸುವ ಹೆಸರಿನ ಯೋಜನೆಗಳು ಅದಕ್ಕೆ ಬೆನ್ನು ತಟ್ಟಿದವು. ಈರುಳ್ಳಿಗೆಂದು ಸೇದಿದ ನೀರಿನಲ್ಲೇ ಮಾವು ಬೆಳೆಯಿತು. ನೆರಳು ಹಬ್ಬಿದಂತೆ ತರಕಾರಿ ಸೊರಗಿತು. ಒಬ್ಬರ ಬೆವರಿನಿಂದ ಇನ್ನೊಬ್ಬರ ಹಕ್ಕು ಬಲಿಯುವುದು ಅನ್ಯಾಯವಲ್ಲದೆ ಮತ್ತೇನು? ಹೆಂಗಸರು ಸುಮ್ಮನಿರಲಿಲ್ಲ. ಕೊಂಬೆ ಸವರಿದರು, ಕೆಲವೆಡೆ ಮರವನ್ನೇ ಕಡಿದರು.

ನದಿಯ ಮೇಲ್ಭಾಗದ ಜಹಾಲಿ-ಪಚಾರ್‌ನಲ್ಲಿ 1984ರಲ್ಲಿ ಶುರುವಾದ ನೀರಾವರಿ ಭತ್ತದ ಯೋಜನೆಯಲ್ಲೂ ಹೀಗೇ ಆಯಿತು. ದಾಖಲೆಯಲ್ಲಿ ಗದ್ದೆ ಹೆಂಗಸರ ಹೆಸರಿಗೆ ಬಂತು. ಯಜಮಾನರು ಮಾತ್ರ ಅದನ್ನು ಮನೆತನದ ಹೊಲವೆಂದು ಎಣಿಸಿ ಫಸಲನ್ನು ತಮ್ಮ ವಶಕ್ಕೆ ತೆಗೆದುಕೊಂಡರು. ದುಡಿಮೆಗೆ ಪಾಲು ಕೇಳಿ ಸಿಗದಿದ್ದಾಗ ಹಲವು ಹೆಂಗಸರು ಆ ಗದ್ದೆಗಳಿಂದ ಕೈ ತೆಗೆದರು. ಗುಂಪು ಕಟ್ಟಿಕೊಂಡು ನಾಟಿಗೆ, ಕಳೆಗೆ, ಕೊಯ್ಲಿಗೆ ಕೂಲಿ ಗೊತ್ತುಮಾಡಿ ದುಡಿಯತೊಡಗಿದರು.