ಅಂಗಡಿಗೊಂದು ವೆಬ್‌ಸೈಟ್: ಮಾಡಿಸುವ ಮೊದಲು ಬೀಗದ ಕೈ ಯಾರ ಹತ್ತಿರ ಇರುತ್ತೆ ಅಂತ ಕೇಳಿ

ಆಂಧ್ರಪ್ರದೇಶದ ಅನಂತಪುರ ಜಿಲ್ಲೆಯಲ್ಲಿ, ಕಲ್ಯಾಣದುರ್ಗಕ್ಕೂ ಉರವಕೊಂಡಕ್ಕೂ ನಡುವೆ ಬೆಳುಗುಪ್ಪ ಎಂಬ ಮಂಡಲ ಕೇಂದ್ರ ಇದೆ. ಮಳೆ ಕಡಿಮೆ, ಶೇಂಗಾ ಜಾಸ್ತಿ ಇರುವ ಸೀಮೆ. ಆಚೆ ಬಳ್ಳಾರಿ, ಈಚೆ ಅನಂತಪುರ. ತೆಲುಗಿನ ಜೊತೆ ಕನ್ನಡವೂ ಕಿವಿಗೆ ಬೀಳುವ ಗಡಿ ನಾಡು. ಅಲ್ಲಿ ಒಬ್ಬರು ಗಾಣ ಇಟ್ಟು ಶೇಂಗಾ ಎಣ್ಣೆ ಮಾರುತ್ತಾರೆ ಎಂದು ಇಟ್ಟುಕೊಳ್ಳೋಣ. ಎಣ್ಣೆ ಚೆನ್ನಾಗಿದೆ. ಬಳ್ಳಾರಿ, ಬೆಂಗಳೂರು, ಮಂಗಳೂರಿನಿಂದಲೂ ಕೇಳುವವರಿದ್ದಾರೆ. ಆದರೆ ಅಂಗಡಿಯ ಗುರುತು ಎಂದರೆ ಒಂದು ಮೊಬೈಲ್ ನಂಬರ್, ಒಂದು ವಾಟ್ಸ್‌ಆ್ಯಪ್ ಸ್ಟೇಟಸ್, ಅಷ್ಟೇ. "ಒಂದು ವೆಬ್‌ಸೈಟ್ ಮಾಡಿಸ್ಬೇಕು, ಎಷ್ಟಾಗುತ್ತೆ?" ಎಂದು ಅವರು ಕೇಳುತ್ತಾರೆ.

ಕರಾವಳಿಯಿಂದ ಘಟ್ಟ ಹತ್ತಿ ಬೇಕರಿ, ಹೋಟೆಲ್, ಬಟ್ಟೆ ಅಂಗಡಿ ಇಟ್ಟಿರುವ ನಮ್ಮವರು ಕೇಳುವುದೂ ಇದೇ ಪ್ರಶ್ನೆ. ಆದರೆ ಮೊದಲು ಕೇಳಬೇಕಾದದ್ದು "ಎಷ್ಟಾಗುತ್ತೆ" ಅಂತ ಅಲ್ಲ, "ಯಾರ ಹೆಸರಲ್ಲಿ ಇರುತ್ತೆ" ಅಂತ. ಈ ಲೇಖನದಲ್ಲಿ ಬೆಳುಗುಪ್ಪದ ಆ ಗಾಣವನ್ನೇ ಉದಾಹರಣೆ ಇಟ್ಟುಕೊಂಡು ಒಂದೊಂದೇ ಹಂತ ನೋಡೋಣ.

ಸ್ವಂತ ವಿಳಾಸ ಯಾಕೆ ಬೇಕು?

ಫೇಸ್‌ಬುಕ್ ಪೇಜ್ ಇದೆ, ಇನ್‌ಸ್ಟಾಗ್ರಾಂ ಇದೆ, ಸಾಲದೇ ಎಂದು ಕೇಳಬಹುದು. ಅವು ಬೇಕು, ಆದರೆ ಅವು ಬಾಡಿಗೆ ಮನೆ. 2020ರ ಜೂನ್ 29ರಂದು ಕೇಂದ್ರ ಸರಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿತು. ಟಿಕ್‌ಟಾಕ್ ವೀಡಿಯೊಗಳಿಂದ ಗಿರಾಕಿ ಕಟ್ಟಿಕೊಂಡಿದ್ದವರ ಶ್ರಮ ಅಲ್ಲಿಗೇ ನಿಂತಿತು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂ ಮೂರೂ ಸುಮಾರು ಆರು ಗಂಟೆ ಸ್ತಬ್ಧವಾಗಿದ್ದವು. ಗೂಗಲ್ ಸಂಸ್ಥೆ ತನ್ನ ಬಿಸಿನೆಸ್ ಪ್ರೊಫೈಲ್ ಜೊತೆ ಸಣ್ಣ ವ್ಯಾಪಾರಿಗಳಿಗೆ ಪುಕ್ಕಟೆ ವೆಬ್‌ಸೈಟ್ ಕೊಡುತ್ತಿತ್ತು. ಆ ಸೌಲಭ್ಯವನ್ನು 2024ರ ಮಾರ್ಚ್‌ನಲ್ಲಿ ನಿಲ್ಲಿಸಿತು. ಆ ವಿಳಾಸವನ್ನು ವಿಸಿಟಿಂಗ್ ಕಾರ್ಡಿನಲ್ಲಿ, ಬೋರ್ಡಿನಲ್ಲಿ ಹಾಕಿಸಿಕೊಂಡಿದ್ದವರಿಗೆ ಆ ಕಾರ್ಡ್, ಬೋರ್ಡ್ ಕೆಲಸಕ್ಕೆ ಬಾರದಂತಾಯಿತು.

ಸ್ವಂತ ಡೊಮೇನ್ ಇದ್ದರೆ ಈ ಅಪಾಯ ಕಡಿಮೆ. ಡೊಮೇನ್ ಎಂದರೆ ನಿಮ್ಮ ವೆಬ್‌ಸೈಟ್‌ನ ಹೆಸರು, ಅಂದರೆ ವಿಳಾಸ. ವೆಬ್‌ಸೈಟ್ ಇಟ್ಟಿರುವ ಕಂಪನಿ ಬದಲಾಯಿಸಿದರೂ, ಮಾಡಿಕೊಟ್ಟವರು ಬದಲಾದರೂ ವಿಳಾಸ ಅದೇ ಉಳಿಯುತ್ತದೆ.

ಹಾಗಂತ ಎಲ್ಲರಿಗೂ ವೆಬ್‌ಸೈಟ್ ಬೇಕೇ ಬೇಕು ಅಂತೇನಿಲ್ಲ. ಬಸ್ ಸ್ಟ್ಯಾಂಡ್ ಎದುರಿನ ಚಹಾ ಅಂಗಡಿಗೆ ಗೂಗಲ್ ಮ್ಯಾಪ್‌ನಲ್ಲಿ ಹೆಸರು, ಸಮಯ, ಫೋನ್ ನಂಬರ್ ಸರಿಯಾಗಿದ್ದರೆ ಸಾಕು. ಅದು ಪುಕ್ಕಟೆ. ಊರ ಹೊರಗಿನ ಗಿರಾಕಿ, ಸಗಟು ವ್ಯಾಪಾರ, ಕೊರಿಯರ್ ಆರ್ಡರ್ ಇರುವವರಿಗೆ ಮಾತ್ರ ವೆಬ್‌ಸೈಟ್‌ನ ಖರ್ಚು ಗಿಟ್ಟುತ್ತದೆ.

ಹೆಸರು ಯಾರ ಕೈಯಲ್ಲಿ?

ಹೆಚ್ಚಿನವರು ಎಡವುವುದು ಇಲ್ಲಿ. ಪರಿಚಯದ ಹುಡುಗನೊಬ್ಬ "ಎಲ್ಲಾ ನಾನೇ ಮಾಡ್ಕೊಡ್ತೀನಿ ಅಣ್ಣಾ" ಎನ್ನುತ್ತಾನೆ. ತನ್ನ ಇಮೇಲ್, ತನ್ನ ಮೊಬೈಲ್ ನಂಬರ್ ಕೊಟ್ಟು ಡೊಮೇನ್ ಕೊಳ್ಳುತ್ತಾನೆ. ಒಂದೆರಡು ವರ್ಷ ಚೆನ್ನಾಗಿ ನಡೆಯುತ್ತದೆ. ಆಮೇಲೆ ಅವನಿಗೆ ಬೆಂಗಳೂರಿನಲ್ಲೋ ಗಲ್ಫಿನಲ್ಲೋ ಕೆಲಸ ಸಿಗುತ್ತದೆ, ನಂಬರ್ ಬದಲಾಗುತ್ತದೆ. ನವೀಕರಣದ ನೋಟಿಸ್ ಬರುವುದು ಅವನ ಹಳೆಯ ಇಮೇಲ್‌ಗೆ. ಒಂದು ದಿನ ವೆಬ್‌ಸೈಟ್ ತೆರೆಯುವುದಿಲ್ಲ. ಹುಡುಗನ ಮನಸ್ಸಿನಲ್ಲಿ ಕೆಟ್ಟದ್ದು ಇಲ್ಲದಿರಬಹುದು. ಆದರೆ ದಾಖಲೆಯಲ್ಲಿ ಮಾಲೀಕ ಅವನು, ನೀವಲ್ಲ. ಬೋರ್ಡ್, ಡಬ್ಬಿ, ಬಿಲ್ ಬುಕ್ ಎಲ್ಲದರ ಮೇಲೂ ಅಚ್ಚಾದ ವಿಳಾಸವನ್ನು ಬೇರೆ ಯಾರೋ ಕೊಂಡುಬಿಟ್ಟರೆ ಅದನ್ನು ವಾಪಸ್ ಪಡೆಯುವುದು ಕಷ್ಟ.

ಆದ್ದರಿಂದ ಈ ನಾಲ್ಕು ಕೆಲಸ ತಪ್ಪಿಸಬೇಡಿ:

1. ಡೊಮೇನ್ ಖಾತೆಯನ್ನು ನಿಮ್ಮ ಇಮೇಲ್, ನಿಮ್ಮ ಮೊಬೈಲ್ ನಂಬರ್‌ನಲ್ಲೇ ತೆರೆಯಿರಿ. ಕೆಲಸ ಯಾರೇ ಮಾಡಿಕೊಡಲಿ, ಓಟಿಪಿ ನಿಮ್ಮ ಫೋನಿಗೇ ಬರಬೇಕು.

2. ಹಣ ನಿಮ್ಮ ಖಾತೆಯಿಂದಲೇ ಹೋಗಲಿ, ಬಿಲ್ ನಿಮ್ಮ ಹೆಸರಲ್ಲೇ ಇರಲಿ.

3. ಮೊದಲ ವರ್ಷದ ದರ ನೋಡಿ ಮರುಳಾಗಬೇಡಿ, ಎರಡನೇ ವರ್ಷದಿಂದ ಎಷ್ಟು ಎಂದು ಕೇಳಿ. ಮೊದಲ ವರ್ಷಕ್ಕೆ ರಿಯಾಯಿತಿ ಕೊಟ್ಟು ನವೀಕರಣಕ್ಕೆ ಜಾಸ್ತಿ ಹಾಕುವುದು ಮಾಮೂಲು. ಮೂರು ವರ್ಷಕ್ಕೆ ಒಟ್ಟಿಗೆ ಕಟ್ಟಿದರೆ ಮರೆಯುವ ಭಯ ಕಡಿಮೆ.

4. ಲಾಗಿನ್ ವಿವರಗಳನ್ನು ಒಂದು ಪುಸ್ತಕದಲ್ಲಿ ಬರೆದು ಅಂಗಡಿಯ ಲೈಸೆನ್ಸ್ ಕಾಗದಗಳ ಜೊತೆ ಇಡಿ. ಮನೆಯವರಲ್ಲಿ ಇನ್ನೊಬ್ಬರಿಗೆ ಅದು ಗೊತ್ತಿರಲಿ.

ಭಾರತದ ಡಾಟ್ ಇನ್ ಹೆಸರುಗಳನ್ನು ನೋಡಿಕೊಳ್ಳುವ ಸಂಸ್ಥೆ ನಿಕ್ಸಿ. 2005ರಿಂದ ಈ ಹೆಸರುಗಳು ಎಲ್ಲರಿಗೂ ಸಿಗುತ್ತಿವೆ. ನಿಮ್ಮ ಹೆಸರನ್ನು ಯಾರಾದರೂ ದುರುದ್ದೇಶದಿಂದ ಡಾಟ್ ಇನ್‌ನಲ್ಲಿ ಕೊಂಡಿಟ್ಟರೆ ನಿಕ್ಸಿಯ ಮಧ್ಯಸ್ಥಿಕೆ ವ್ಯವಸ್ಥೆಯಲ್ಲಿ ದೂರು ಕೊಡಬಹುದು. ಆದರೆ ಅಲ್ಲಿ ಆ ಹೆಸರಿನ ಮೇಲೆ ನಿಮಗೆ ಹಕ್ಕಿದೆ ಎಂದು ತೋರಿಸಬೇಕಾಗುತ್ತದೆ. ಟ್ರೇಡ್‌ಮಾರ್ಕ್, ಹಳೆಯ ಬಿಲ್ಲುಗಳು ಆಗ ಉಪಯೋಗಕ್ಕೆ ಬರುತ್ತವೆ.

ಹೆಸರು ಆರಿಸುವಾಗ ಫೋನಿನಲ್ಲಿ ಒಮ್ಮೆ ಹೇಳಿ ನೋಡಿ. ಕೇಳಿದವರು ಸರಿಯಾಗಿ ಬರೆದುಕೊಂಡರೆ ಹೆಸರು ಒಳ್ಳೆಯದು. "ಎರಡು ಎಲ್ಲು, ಆಮೇಲೆ ಒಂದು ಗೆರೆ" ಎಂದು ವಿವರಿಸಬೇಕಾದರೆ ಬೇರೆ ಹೆಸರು ಹುಡುಕಿ. ಊರ ಹೆಸರು ಸೇರಿಸುವುದಾದರೂ ಎಚ್ಚರ ಇರಲಿ. ಬಳ್ಳಾರಿಯ ಇಂಗ್ಲಿಷ್ ಕಾಗುಣಿತ 2014ರ ನವೆಂಬರ್ 1ರಿಂದ ಅಧಿಕೃತವಾಗಿ ಬದಲಾದರೂ ಹಳೆಯ ರೀತಿಯಲ್ಲೇ ಬರೆಯುವವರು ಇನ್ನೂ ಇದ್ದಾರೆ.

ಕಂಪ್ಯೂಟರ್ ಮುಟ್ಟುವ ಮೊದಲು ಒಂದು ಹಾಳೆ

ಡಿಸೈನ್ ನೋಡುವ ಮೊದಲು ಒಂದು ಬಿಳಿ ಹಾಳೆ ತೆಗೆದುಕೊಂಡು ಮೂರು ಪ್ರಶ್ನೆಗೆ ಉತ್ತರ ಬರೆಯಿರಿ. ಯಾರು ಬರುತ್ತಾರೆ? ಏನು ಹುಡುಕುತ್ತಾ ಬರುತ್ತಾರೆ? ನೋಡಿದ ಮೇಲೆ ಏನು ಮಾಡಬೇಕು?

ನಮ್ಮ ಗಾಣದ ಯಜಮಾನರಿಗೆ ಎರಡು ಥರದ ಗಿರಾಕಿ. ಮನೆಗೆ ಐದು ಲೀಟರ್ ಕೊಳ್ಳುವವರು, ಹೋಟೆಲಿಗೆ ಡಬ್ಬಿಗಟ್ಟಲೆ ಕೊಳ್ಳುವವರು. ಮನೆಯವರಿಗೆ ಬೇಕಾದದ್ದು ದರ, ಶುದ್ಧತೆ, ಕೊರಿಯರ್ ಖರ್ಚು. ಹೋಟೆಲಿನವರಿಗೆ ಬೇಕಾದದ್ದು ತಿಂಗಳಿಗೆ ಎಷ್ಟು ಕೊಡಬಲ್ಲಿರಿ, ಜಿಎಸ್‌ಟಿ ಬಿಲ್ ಕೊಡ್ತೀರಾ, ಲಾರಿ ಎಂದು ಬರುತ್ತೆ ಎನ್ನುವುದು. ಇಬ್ಬರಿಗೂ ಉತ್ತರ ಸಿಗಲು ಐದು ಪುಟ ಸಾಕು: ಮುಖಪುಟ, ನಮ್ಮ ಬಗ್ಗೆ, ಸರಕು ಮತ್ತು ದರ, ಆರ್ಡರ್ ಮಾಡುವ ವಿಧಾನ, ಸಂಪರ್ಕ.

"ನಮ್ಮ ಬಗ್ಗೆ" ಪುಟದಲ್ಲಿ "ಗುಣಮಟ್ಟವೇ ನಮ್ಮ ಧ್ಯೇಯ" ಎಂದು ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಶೇಂಗಾ ಎಲ್ಲಿಂದ ತರುತ್ತೀರಿ, ಗಾಣ ಮರದ್ದೋ ಕಬ್ಬಿಣದ್ದೋ, ಹಿಂಡಿದ ಎಣ್ಣೆ ಎಷ್ಟು ದಿನ ತಿಳಿಯಾಗಲು ಬಿಡುತ್ತೀರಿ ಎಂದು ಬರೆಯಿರಿ. ಫೋಟೋ ನಿಮ್ಮ ಗಾಣದ್ದೇ ಇರಲಿ, ಇಂಟರ್‌ನೆಟ್‌ನಿಂದ ಇಳಿಸಿದ್ದು ಬೇಡ.

ಗಿರಾಕಿಯ ಭಾಷೆಯಲ್ಲಿ ಬರೆಯಿರಿ

ಒಂದೇ ಕಾಳಿಗೆ ಎಷ್ಟು ಹೆಸರು ನೋಡಿ. ಬಳ್ಳಾರಿಯವರು ಶೇಂಗಾ ಎನ್ನುತ್ತಾರೆ, ಬೆಂಗಳೂರು, ತುಮಕೂರಿನವರು ಕಡಲೆಕಾಯಿ, ಮಂಗಳೂರಿನವರು ನೆಲಗಡಲೆ, ತೆಲುಗಿನವರು ವೇರುಶೆನಗ. ನಿಮ್ಮ ಪುಟದಲ್ಲಿ ಶೇಂಗಾ ಎಂದು ಮಾತ್ರ ಇದ್ದರೆ, ನೆಲಗಡಲೆ ಎಣ್ಣೆ ಎಂದು ಹುಡುಕಿದವರಿಗೆ ನೀವು ಸಿಗದೇ ಹೋಗಬಹುದು. ಆದ್ದರಿಂದ ಎಲ್ಲ ಹೆಸರುಗಳನ್ನೂ ವಾಕ್ಯದಲ್ಲಿ ಸಹಜವಾಗಿ ಸೇರಿಸಿ. ಬೇಕರಿಯವರಿಗೂ ಬಟ್ಟೆಯವರಿಗೂ ಇದು ಅನ್ವಯ. ಗಿರಾಕಿ ಕೌಂಟರ್ ಮುಂದೆ ನಿಂತು ಏನೆಂದು ಕೇಳುತ್ತಾರೋ ಅದೇ ಪದ ಪುಟದಲ್ಲಿ ಇರಬೇಕು.

ಕನ್ನಡ, ತೆಲುಗು, ಇಂಗ್ಲಿಷ್ ಮೂರೂ ಬೇಕಾದರೆ ಒಂದೊಂದಕ್ಕೂ ಬೇರೆ ಪುಟ ಇರಲಿ. ಯಂತ್ರದಿಂದ ಅನುವಾದ ಮಾಡಿಸಿದರೆ ಆ ಭಾಷೆ ಬಲ್ಲವರು ಒಮ್ಮೆ ಓದಿ ನೋಡಲೇಬೇಕು. ಕನ್ನಡ ಯೂನಿಕೋಡ್‌ನಲ್ಲಿರಲಿ. ಡಿಟಿಪಿ ಅಂಗಡಿಯ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ತಂದು ಹಾಕಿದರೆ ಅಕ್ಷರ ಚೆಲ್ಲಾಪಿಲ್ಲಿಯಾಗುತ್ತದೆ. ದರಪಟ್ಟಿಯನ್ನು ಪೋಸ್ಟರ್ ಚಿತ್ರವಾಗಿ ಹಾಕುವುದೂ ಬೇಡ. ಚಿತ್ರದೊಳಗಿನ ಅಕ್ಷರವನ್ನು ಹುಡುಕಾಟದಲ್ಲಿ ನೆಚ್ಚಲಾಗದು, ಸಣ್ಣ ಫೋನಿನಲ್ಲಿ ಅದು ಕಾಣುವುದೂ ಇಲ್ಲ.

ಕಟ್ಟುವ ಕೆಲಸ

ವೆಬ್‌ಸೈಟ್‌ಗೆ ಮೂರು ಭಾಗ: ಹೆಸರು, ಜಾಗ, ಪುಟಗಳು. ಹೆಸರಿನ ವಿಷಯ ಆಯಿತು. ಪುಟಗಳನ್ನು ಇಡುವ ಜಾಗಕ್ಕೆ ಹೋಸ್ಟಿಂಗ್ ಎನ್ನುತ್ತಾರೆ, ಅದಕ್ಕೆ ವರ್ಷದ ಬಾಡಿಗೆ ಬೇರೆ. ಪುಟ ಕಟ್ಟಲು 2003ರಿಂದ ಇರುವ ವರ್ಡ್‌ಪ್ರೆಸ್ ಎಂಬ ಉಚಿತ ತಂತ್ರಾಂಶ ಹೆಚ್ಚು ಬಳಕೆಯಲ್ಲಿದೆ. ಅದನ್ನು ಬಲ್ಲವರು ಎಲ್ಲ ಊರಲ್ಲೂ ಸಿಗುತ್ತಾರೆ, ಹಾಗಾಗಿ ಮಾಡಿಕೊಟ್ಟವರು ಬಿಟ್ಟು ಹೋದರೂ ಇನ್ನೊಬ್ಬರು ಮುಂದುವರಿಸಬಹುದು.

ಹೆಚ್ಚಿನ ಗಿರಾಕಿಗಳು ನೋಡುವುದು ಮೊಬೈಲ್‌ನಲ್ಲಿ, ಗೂಗಲ್ ಕೂಡ ಪುಟದ ಮೊಬೈಲ್ ರೂಪವನ್ನೇ ಮುಖ್ಯವಾಗಿ ಪರಿಗಣಿಸುತ್ತದೆ. ಆದ್ದರಿಂದ ಡೆವಲಪರ್ ತನ್ನ ದೊಡ್ಡ ಪರದೆಯಲ್ಲಿ ತೋರಿಸಿದ್ದನ್ನು ನೋಡಿ ಒಪ್ಪಬೇಡಿ. ನಿಮ್ಮದೇ ಫೋನಿನಲ್ಲಿ, ವೈಫೈ ಆಫ್ ಮಾಡಿ, ನೆಟ್‌ವರ್ಕ್ ಕಡಿಮೆ ಇರುವ ಕಡೆ ನಿಂತು ತೆರೆದು ನೋಡಿ. ಫೋನಿನಲ್ಲಿ ತೆಗೆದ ಒಂದು ಫೋಟೋ ನಾಲ್ಕೈದು ಎಂಬಿ ಇರುತ್ತದೆ. ಅದನ್ನು ಇನ್ನೂರು ಕೆಬಿ ಒಳಗೆ ಇಳಿಸಿ ಹಾಕಿಸಿ.

ವಿಳಾಸದ ಪಕ್ಕ "ಸುರಕ್ಷಿತವಲ್ಲ" ಎಂದು ಬಂದರೆ ಗಿರಾಕಿ ಹಿಂದೆ ಸರಿಯುತ್ತಾರೆ. ಎಸ್‌ಎಸ್‌ಎಲ್ ಪ್ರಮಾಣಪತ್ರ ಇಲ್ಲದ ಪುಟಗಳಿಗೆ ಕ್ರೋಮ್ ಬ್ರೌಸರ್ 2018ರ ಜುಲೈಯಿಂದ ಹೀಗೆ ತೋರಿಸುತ್ತಿದೆ. ಈ ಪ್ರಮಾಣಪತ್ರ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆಯಿಂದ ಪುಕ್ಕಟೆಯಾಗಿ ಸಿಗುತ್ತದೆ. ಸಾದಾ ಅಂಗಡಿಯ ಪುಟಕ್ಕೆ ಯಾರಾದರೂ ಅದಕ್ಕೇ ಸಾವಿರಾರು ರೂಪಾಯಿ ಕೇಳಿದರೆ ಯಾಕೆ ಎಂದು ವಿಚಾರಿಸಿ.

ಗಡಿ ದಾಟುವ ಸರಕಿಗೆ ಕಾನೂನು

ಅಂಗಡಿಯ ಪರಿಚಯ ಹಾಕಿ ಫೋನ್ ನಂಬರ್ ಕೊಡುವುದು ಒಂದು, ವೆಬ್‌ಸೈಟ್‌ನಲ್ಲೇ ಮಾರುವುದು ಇನ್ನೊಂದು. ಮಾರುವುದಾದರೆ ಕೆಲವು ನಿಯಮ ತಿಳಿದಿರಬೇಕು.

ಬೆಳುಗುಪ್ಪದಿಂದ ಬಳ್ಳಾರಿ ಹತ್ತಿರ, ಆದರೆ ರಾಜ್ಯ ಬೇರೆ. ತೆರಿಗೆ ಇರುವ ಸರಕನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಮಾರಿದರೆ ಸಾಮಾನ್ಯವಾಗಿ ವಹಿವಾಟು ಎಷ್ಟೇ ಕಡಿಮೆ ಇದ್ದರೂ ಜಿಎಸ್‌ಟಿ ನೋಂದಣಿ ಬೇಕಾಗುತ್ತದೆ. ಕಾಂಪೊಸಿಷನ್ ಸ್ಕೀಮ್‌ನಲ್ಲಿ ಇರುವವರು ಹೊರ ರಾಜ್ಯಕ್ಕೆ ಸರಕು ಮಾರುವಂತಿಲ್ಲ. ಅಂಗಡಿಯಲ್ಲಿ ಕೂತು ಮಾರುವಾಗ ಏಳದ ಈ ಪ್ರಶ್ನೆ ವೆಬ್‌ಸೈಟ್ ಬಂದ ಮರುದಿನವೇ ಏಳುತ್ತದೆ. ಹೊಸಂಗಡಿ, ಮಂಜೇಶ್ವರದಲ್ಲಿ ಅಂಗಡಿ ಇಟ್ಟು ಮಂಗಳೂರಿಗೆ ಸರಕು ಕಳಿಸುವವರಿಗೂ ಇದೇ ಮಾತು. ಮೊದಲೇ ನಿಮ್ಮ ಅಕೌಂಟೆಂಟ್ ಹತ್ತಿರ ಕೇಳಿಕೊಳ್ಳಿ.

ತಿನ್ನುವ ಪದಾರ್ಥವಾದರೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಸಂಖ್ಯೆ ಹಾಕಿ. ಪ್ಯಾಕ್ ಮಾಡಿದ ಸರಕಿಗೆ ಎಂಆರ್‌ಪಿ, ನಿವ್ವಳ ತೂಕ ಅಥವಾ ಅಳತೆ, ತಯಾರಕರ ಹೆಸರು, ವಿಳಾಸ ಪುಟದಲ್ಲೂ ಕಾಣಬೇಕು. ಗ್ರಾಹಕ ಸಂರಕ್ಷಣೆಯ 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ಕೇಳುವ ಅಧಿಕಾರಿಯ ಹೆಸರು ಮತ್ತು ಸಂಪರ್ಕ ಪ್ರಕಟಿಸಬೇಕು, ದೂರು ಬಂದರೆ 48 ಗಂಟೆಯೊಳಗೆ ತಲುಪಿದೆ ಎಂದು ತಿಳಿಸಬೇಕು, ಒಂದು ತಿಂಗಳಲ್ಲಿ ಇತ್ಯರ್ಥ ಮಾಡಬೇಕು. ಡಬ್ಬಿ ಸೋರಿದರೆ ಏನು, ಹಣ ವಾಪಸ್ ಯಾವಾಗ ಎಂದು ಸರಳವಾಗಿ ಬರೆದಿಡಿ. ಕಾರ್ಡ್, ನೆಟ್‌ಬ್ಯಾಂಕಿಂಗ್ ಮೂಲಕ ಹಣ ಪಡೆಯಲು ಬೇಕಾದ ಪೇಮೆಂಟ್ ಗೇಟ್‌ವೇ ಕಂಪನಿಗಳೂ ಇಂಥ ಪುಟಗಳಿವೆಯೇ ಎಂದು ನೋಡುತ್ತವೆ. ಶುರುವಿನಲ್ಲಿ ಇಷ್ಟೆಲ್ಲ ಬೇಡವೆಂದರೆ ಆರ್ಡರ್ ವಾಟ್ಸ್‌ಆ್ಯಪ್‌ಗೆ ಬರುವಂತೆ ಮಾಡಿ, ಹಣವನ್ನು ಯುಪಿಐಯಲ್ಲಿ ಪಡೆಯಿರಿ. ಆದರೂ ತೆರಿಗೆ, ಆಹಾರ ಸುರಕ್ಷತೆಯ ನಿಯಮ ತಪ್ಪುವುದಿಲ್ಲ.

ಮಾಡಿಕೊಡುವವರ ಜೊತೆ ಒಪ್ಪಂದ

ಬಾಯಿ ಮಾತು ಬೇಡ, ಒಂದು ಪುಟದ ಕಾಗದ ಇರಲಿ. ಎಷ್ಟು ಪುಟ, ಎಷ್ಟು ಭಾಷೆ, ಎಂದು ಮುಗಿಯುತ್ತೆ, ಎಷ್ಟು ಸಲ ತಿದ್ದಿ ಕೊಡ್ತಾರೆ, ವರ್ಷದ ಖರ್ಚು ಎಷ್ಟು ಎಂದು ಬರೆಯಿರಿ. ಹಣವನ್ನು ಮೂರು ಕಂತು ಮಾಡಿ: ಶುರುವಿಗೆ ಒಂದು, ಮಾದರಿ ತೋರಿಸಿದಾಗ ಒಂದು, ಕೊನೆಯದು ಎಲ್ಲ ಪಾಸ್‌ವರ್ಡ್ ಮತ್ತು ವೆಬ್‌ಸೈಟ್‌ನ ಪೂರ್ತಿ ಬ್ಯಾಕಪ್ ನಿಮ್ಮ ಕೈಗೆ ಬಂದ ಮೇಲೆ. ದರ ಬದಲಾಯಿಸುವುದು, ಫೋಟೋ ಹಾಕುವುದು ಹೇಗೆಂದು ಮನೆಯ ಮಕ್ಕಳಲ್ಲಿ ಒಬ್ಬರಿಗೆ ಕಲಿಸಿಕೊಡುವುದೂ ಒಪ್ಪಂದದಲ್ಲಿರಲಿ. ಚೆನ್ನಾಗಿ ಕೆಲಸ ಮಾಡುವವರು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ಅವರ ಕೂಲಿಯನ್ನೂ ಸಕಾಲಕ್ಕೆ ಕೊಟ್ಟುಬಿಡಿ. ಬಾಕಿ ಹಣದ ಜಗಳದಲ್ಲಿ ನಿಂತುಹೋದ ವೆಬ್‌ಸೈಟ್‌ಗಳೂ ಇವೆ.

ಆಮೇಲೆ?

ತಿಂಗಳಿಗೊಮ್ಮೆ ದರ ಸರಿಯಿದೆಯೇ ನೋಡಿ, ಬ್ಯಾಕಪ್ ತೆಗೆಸಿ, ತಂತ್ರಾಂಶ ಅಪ್‌ಡೇಟ್ ಮಾಡಿಸಿ. ಹೊಸ ಗಿರಾಕಿ ಫೋನ್ ಮಾಡಿದರೆ "ಎಲ್ಲಿ ನೋಡಿದ್ರಿ?" ಎಂದು ಕೇಳಿ ಬರೆದಿಡಿ. ಆರು ತಿಂಗಳಲ್ಲಿ ವೆಬ್‌ಸೈಟ್ ದುಡಿಯುತ್ತಿದೆಯೋ ಇಲ್ಲವೋ ಗೊತ್ತಾಗುತ್ತದೆ.

ಈಗಾಗಲೇ ವೆಬ್‌ಸೈಟ್ ಇರುವವರು ಇವತ್ತೇ ಒಂದು ಕೆಲಸ ಮಾಡಿ. ಇಂಟರ್‌ನೆಟ್‌ನಲ್ಲಿ ಹೂಈಸ್ ಎಂಬ ಹುಡುಕಾಟ ಪುಟಗಳಿವೆ. ಅಲ್ಲಿ ನಿಮ್ಮ ವಿಳಾಸ ಹಾಕಿದರೆ ಯಾವ ಕಂಪನಿಯಲ್ಲಿ ನೋಂದಣಿಯಾಗಿದೆ, ಯಾವ ದಿನಾಂಕಕ್ಕೆ ಅವಧಿ ಮುಗಿಯುತ್ತದೆ ಎಂದು ಕಾಣುತ್ತದೆ. ಆ ಕಂಪನಿಯ ಖಾತೆಗೆ ನಿಮ್ಮ ಫೋನಿನಿಂದ ಲಾಗಿನ್ ಆಗಲು ಬರುತ್ತದೆಯೇ ನೋಡಿ. ಬರದಿದ್ದರೆ ಮಾಡಿಕೊಟ್ಟವರಿಗೆ ಈಗಲೇ ಫೋನ್ ಮಾಡಿ, ಸಂಬಂಧ ಚೆನ್ನಾಗಿರುವಾಗಲೇ ನಿಮ್ಮ ಹೆಸರಿಗೆ ಬದಲಾಯಿಸಿಕೊಳ್ಳಿ.